ಒಂದು ಊರು, ಒಂಬತ್ತು ಹಳ್ಳಿ: ಶೃಂಗೇರಿ ಶಾಸನ ಹೇಳುವ ಯೋಜನೆಯ ಪಾಠ

ಕೆರೆಕಟ್ಟೆ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಶೃಂಗೇರಿಗೆ ಬರುವವರು ನೆಮ್ಮಾರ್ ದಾಟಿಯೇ ಬರಬೇಕು. ತುಂಗೆಯೂ ಹಾಗೆಯೇ. ನೆಮ್ಮಾರಿನ ಗುಡ್ಡಗಳಲ್ಲಿ ಸುರಿದ ಮಳೆ ಹೊಳೆ ಸೇರಿ ಸುಮಾರು ಹತ್ತು ಕಿಲೋಮೀಟರ್ ಕೆಳಗಿನ ಶೃಂಗೇರಿ ಮುಟ್ಟುತ್ತದೆ. ದೊಡ್ಡ ಮಳೆಗಾಲದಲ್ಲಿ ಪೇಟೆಯ ಗಾಂಧಿ ಮೈದಾನಕ್ಕೆ ನೀರು ನುಗ್ಗುತ್ತದೆ. ನೀರಿಗೂ ರಸ್ತೆಗೂ ಇದೆಲ್ಲ ಒಂದೇ ಊರು. ಆದರೆ ಆಡಳಿತಕ್ಕೆ ಎರಡು. ಶೃಂಗೇರಿ ಪಟ್ಟಣ ಪಂಚಾಯಿತಿ ನಡೆಯುವುದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಲ್ಲಿ. ನೆಮ್ಮಾರ್ ಗ್ರಾಮ ಪಂಚಾಯಿತಿ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ.

ಪೇಟೆಯನ್ನೂ ಹಳ್ಳಿಯನ್ನೂ ಹೀಗೆ ಬೇರೆ ಬೇರೆ ಕಡತದಲ್ಲಿ ಇಡುವುದು ನಮ್ಮ ಹಳೆಯ ರೂಢಿ ಏನಲ್ಲ. ಅದಕ್ಕೆ ಸಾಕ್ಷಿ ಶೃಂಗೇರಿಯಲ್ಲೇ ಇದೆ.

ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟ ಕಡೂರು ಜಿಲ್ಲೆಯದು. ಅದರಲ್ಲಿ ಶೃಂಗೇರಿಯ ಮೊದಲನೆಯ ಶಾಸನ 1346ರದ್ದು. ವಿಜಯನಗರದ ಚರಿತ್ರೆ ಓದಿದವರಿಗೆಲ್ಲ ಇದು ಗೊತ್ತು. ಹರಿಹರನೂ ಅವನ ತಮ್ಮಂದಿರಾದ ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪರೂ ವಿಜಯೋತ್ಸವಕ್ಕಾಗಿ ಶೃಂಗೇರಿಗೆ ಬಂದು ದತ್ತಿ ಬಿಟ್ಟ ಶಾಸನ. ಸಾಮಾನ್ಯವಾಗಿ ನಾವು ಇದನ್ನು ಓದೋದು ರಾಜವಂಶದ ಹೆಸರುಗಳಿಗಾಗಿ, ಮಠದ ಪರಂಪರೆಗಾಗಿ. ನಾನು ವೃತ್ತಿಯಲ್ಲಿ ಇಂಜಿನಿಯರ್ ಆದ್ದರಿಂದಲೋ ಏನೋ, ನನ್ನ ಕಣ್ಣು ದತ್ತಿಯ ಭಾಗಕ್ಕೇ ಹೋಗುತ್ತದೆ. ದತ್ತಿ ಪಡೆದವರು ಭಾರತೀತೀರ್ಥ ಶ್ರೀಪಾದರು, ಅವರ ಶಿಷ್ಯರು ಮತ್ತು ಶೃಂಗೇರಿಯಲ್ಲಿ ವಾಸಿಸುವ ನಲವತ್ತು ಮಂದಿ ಬ್ರಾಹ್ಮಣರು. ಕೊಟ್ಟದ್ದು ಒಂಬತ್ತು ಹಳ್ಳಿ.

ಈ ಲೆಕ್ಕ ನೋಡಿ. ಗದ್ದೆ ಉಳದ ಒಂದಷ್ಟು ಜನ ಒಂದು ಕಡೆ ನೆಲೆ ನಿಲ್ಲಬೇಕು ಅಂದರೆ ಅವರಿಗೆ ಅಕ್ಕಿ ಎಲ್ಲಿಂದ ಬರಬೇಕು? ಶಾಸನ ಬರೆಸಿದವರು ಆ ಪ್ರಶ್ನೆಗೆ ಅದೇ ಕಲ್ಲಿನಲ್ಲಿ ಉತ್ತರ ಕೊಟ್ಟಿದ್ದಾರೆ. ಇಂತಿಷ್ಟು ಜನ, ಅವರಿಗೆ ಇಂತಿಷ್ಟು ಹಳ್ಳಿ. ಸುತ್ತಲಿನ ಸೀಮೆಯನ್ನು ಬಿಟ್ಟು ಊರೊಂದನ್ನೇ ಕಲ್ಪಿಸಿಕೊಂಡಿಲ್ಲ. ನಲವತ್ತು ವರ್ಷದ ಮೇಲೆ, 1386ರಲ್ಲಿ ವಿದ್ಯಾರಣ್ಯರು ತೀರಿಕೊಂಡ ನಂತರ, ಇಮ್ಮಡಿ ಹರಿಹರ ಅವರ ನೆನಪಿಗೆ ವಿದ್ಯಾರಣ್ಯಪುರ ಅಗ್ರಹಾರ ಮಾಡಿಸಿದ. ಆ ಹೆಸರಿನ ಊರು ಇವತ್ತಿಗೂ ಶೃಂಗೇರಿಗೆ ಅಂಟಿಕೊಂಡೇ ಇದೆ. ಇವತ್ತಿನ ಮಾತಲ್ಲಿ ಹೇಳೋದಾದರೆ ಇದು ಊರಿನ ವಿಸ್ತರಣೆ.

ಹಾಗಂತ ಆ ಕಾಲವೇ ಚೆಂದ ಎನ್ನುವ ಹಾಗಿಲ್ಲ. ಈ ದತ್ತಿಯಲ್ಲಿ ಒಂಬತ್ತು ಹಳ್ಳಿಗಳು ಬರುವುದು ಕೊಡುವ ಕೈಯಾಗಿ ಮಾತ್ರ. ಹಳ್ಳಿಯವರನ್ನು ಕೇಳಿ ಮಾಡಿದ ವ್ಯವಸ್ಥೆ ಇದಲ್ಲ. ದಾನ ಕೊಟ್ಟವನು ಅರಸ, ಪಡೆದವರು ಊರಿನವರು, ದುಡಿದವರು ಹಳ್ಳಿಯವರು.

ಅರಸನೂ ಪ್ರಜೆಯೂ ಇಬ್ಬರೂ ಕಟ್ಟುಬೀಳುವ ಶಾಸನ ಬೇಕೆಂದರೆ ಮಲೆನಾಡು ಇಳಿದು ಬಯಲುಸೀಮೆಗೆ, ಇನ್ನೂ ಆರು ನೂರು ವರ್ಷ ಹಿಂದಕ್ಕೆ ಹೋಗಬೇಕು. ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಅಲ್ಲಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆ ಕೊಟ್ಟ. ಅದರಲ್ಲಿ ರಾಜಪುರುಷರಿಗೂ ಕರ್ತವ್ಯ ಇದೆ: ಖಾಲಿ ಬಿದ್ದ ಮನೆ, ತಾಮ್ರಶಾಸನ, ಜನ ಅನುಭವಿಸಿಕೊಂಡು ಬಂದ ಆಸ್ತಿ, ಇವನ್ನು ಅವರು ಕಾಯಬೇಕು. ಊರವರಿಗೂ ಇದೆ: ಮನೆ ಮನೆಯೂ ಶಕ್ತಿಗೆ ತಕ್ಕಂತೆ ತೆರಿಗೆ ಕೊಡಬೇಕು. ಹಬ್ಬದ ತೆರಿಗೆ ಹತ್ತು, ಏಳು, ಐದು, ಮೂರು ಪಣ ಎಂದು ನಾಲ್ಕು ದರ್ಜೆ. ಸಣ್ಣಪುಟ್ಟ ಕಳ್ಳತನದ ದಂಡವೂ ಮಕ್ಕಳಿಲ್ಲದೆ ಸತ್ತವರ ಆಸ್ತಿಯೂ ಸೇರುವುದು ಶ್ರೇಣಿಗೆ, ಅಂದರೆ ಊರಿನದೇ ವೃತ್ತಿಸಂಘಕ್ಕೆ. ಊರಿನ ದುಡ್ಡಲ್ಲಿ ಒಂದಿಷ್ಟು ಊರಲ್ಲೇ ಉಳಿಯಲಿ ಎಂಬ ಲೆಕ್ಕ.

ಶೃಂಗೇರಿಯ ಕಲ್ಲು ಹಳ್ಳಿಯನ್ನೂ ಊರನ್ನೂ ಒಟ್ಟಿಗೆ ಎಣಿಸುತ್ತದೆ, ಆದರೆ ಹಳ್ಳಿಗೆ ಬಾಯಿ ಕೊಡುವುದಿಲ್ಲ. ಪುಲಿಗೆರೆಯದು ಬಾಯಿ ಕೊಡುತ್ತದೆ, ಆದರೆ ಅದರ ಮಾತು ಊರಿನ ಒಳಗಿನದು. ಎರಡೂ ಸೇರಿದ್ದು ನಮ್ಮ ಸಂವಿಧಾನದಲ್ಲಿದೆ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿ, 243 ಝಡ್‌ಡಿ ವಿಧಿಯಲ್ಲಿ, ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು ಎನ್ನುತ್ತದೆ. ಪಂಚಾಯಿತಿಗಳ ಯೋಜನೆ, ಪೌರಸಂಸ್ಥೆಗಳ ಯೋಜನೆ ಎರಡನ್ನೂ ಕೂಡಿಸಿ ಜಿಲ್ಲೆಗೆ ಒಂದೇ ಕರಡು ಮಾಡುವುದು ಅದರ ಕೆಲಸ. ನೀರಿನ ಹಂಚಿಕೆ, ಮೂಲಸೌಕರ್ಯ, ಪರಿಸರ ಎಲ್ಲವನ್ನೂ ಅದು ಹೆಸರಿಸಿಯೇ ಹೇಳಿದೆ. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಾದರೂ ಜಿಲ್ಲಾ ಪಂಚಾಯತ್ ಮತ್ತು ಪೌರಸಂಸ್ಥೆಗಳ ಚುನಾಯಿತರೇ ತಮ್ಮೊಳಗಿಂದ ಆರಿಸಿ ಕಳಿಸಿದವರಾಗಿರಬೇಕು, ಅದೂ ಹಳ್ಳಿ–ಪೇಟೆಯ ಜನಸಂಖ್ಯೆಯ ಪ್ರಮಾಣದಲ್ಲಿ. ನೆಮ್ಮಾರಿನ ಚರಂಡಿ, ಶೃಂಗೇರಿಯ ಕುಡಿಯುವ ನೀರು, ಯಾತ್ರಿಕರ ವಾಹನ ನಿಲ್ಲುವ ಜಾಗ ಇವೆಲ್ಲ ಒಂದೇ ಮೇಜಿಗೆ ಬರಬೇಕಾದದ್ದು ಇಲ್ಲಿ.

ಆದರೆ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ. ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಚುನಾಯಿತ ಜಿಲ್ಲಾ ಪಂಚಾಯತ್ ಇಲ್ಲದಿದ್ದರೆ ಯೋಜನಾ ಸಮಿತಿಗೆ ಹಳ್ಳಿಯ ಪರವಾಗಿ ಹೋಗುವವರು ಯಾರು? ಆಗ ಹಳ್ಳಿ ಮತ್ತೆ 1346ರ ಸ್ಥಿತಿಗೇ ಬಂದ ಹಾಗೆ: ಪಟ್ಟಿಯಲ್ಲಿ ಹೆಸರಿದೆ, ಮಾತಿಗೆ ಜಾಗ ಇಲ್ಲ.

ದತ್ತಿಶಾಸನಗಳ ಕೊನೆಗೆ ಸಾಮಾನ್ಯವಾಗಿ ಶಾಪಾಶಯ ಇರುತ್ತದೆ. ಬರೆದದ್ದನ್ನು ಮುಂದೆ ಬರುವವರು ಪಾಲಿಸದೆ ಇದ್ದಾರು ಅನ್ನುವ ಅನುಮಾನ ಬರೆಸಿದವರಿಗೂ ಇತ್ತು. ಸಂವಿಧಾನದಲ್ಲಿ ಶಾಪಾಶಯ ಇಲ್ಲ. ಪಾಲಿಸಿ ಎಂದು ಕೇಳುವ ಕೆಲಸ ಓದಿದವರದೇ.