ವೀರಗಲ್ಲಿನ ಕೂಗು, ಓಬವ್ವನ ಒನಕೆ

ಹಾರನಹಳ್ಳಿಗೆ ಬಂದವರು ಲಕ್ಷ್ಮೀನರಸಿಂಹ, ಸೋಮೇಶ್ವರ ದೇವಸ್ಥಾನಗಳನ್ನು ನೋಡಿ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಎರಡೂ ಹೊಯ್ಸಳರ ಕಾಲದವು, 1235ರ ಸುಮಾರಿನವು. ಆದರೆ ಆಗಿನ ಹಳ್ಳಿ ಜನ ತಮ್ಮನ್ನು ತಾವು ಹೇಗೆ ಕಾಪಾಡಿಕೊಳ್ಳುತ್ತಿದ್ದರು ಅಂತ ತಿಳಿಯಬೇಕಾದರೆ ಗುಡಿಗಿಂತ ವೀರಗಲ್ಲು ನೋಡಬೇಕು. ನಮ್ಮ ಕಡೆ ಕೆರೆ ಏರಿ, ಹೊಲದ ಬದು, ಊರಬಾಗಿಲಲ್ಲಿ ಅವು ನಿಂತಿರುತ್ತವೆ. ಕೆಲವು ಬಟ್ಟೆ ಒಗೆಯುವ ಕಲ್ಲೂ ಆಗಿಹೋಗಿವೆ.

ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗ. ಯಾಕೆ ಸತ್ತ ಅಂತಲೂ ಕೆಲವು ಕಲ್ಲು ಹೇಳುತ್ತವೆ. ದನ ಹೊಡೆದುಕೊಂಡು ಹೋದಾಗ ಬಿಡಿಸಲು ಹೋಗಿ ಸತ್ತರೆ ತುರುಗೋಳ್. ಊರಿನ ಮೇಲೆ ಬಿದ್ದವರ ಜೊತೆ ಹೋರಾಡಿ ಸತ್ತರೆ ಊರಳಿವು. ಇನ್ನೊಂದು ಮಾತಿದೆ, ಪೆಣ್ಬುಯ್ಯಲ್. ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ ಎದ್ದ ಕೂಗು ಅದು. ಕೂಗು ಕೇಳಿ ಓಡಿ ಬಂದು ಸತ್ತವನ ಹೆಸರು ಕಲ್ಲಿನಲ್ಲಿರುತ್ತದೆ. ಕೂಗಿದವಳ ಹೆಸರು ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ದನ, ಊರು, ಹೆಣ್ಣು ಮೂರೂ ಗಂಡಸು ಕಾಯಬೇಕಾದ ಆಸ್ತಿ ಅನ್ನುವ ಲೆಕ್ಕ ಅಲ್ಲಿದೆ.

ಕಲಿಕೆಯೂ ಹಾಗೇ ಇತ್ತು. ಗರಡಿಮನೆಯ ಕೆಮ್ಮಣ್ಣು, ದಂಡ, ಬಸ್ಕಿ, ಪಟ್ಟು ಎಲ್ಲ ಹುಡುಗರಿಗೆ. ಹುಡುಗಿಗೆ ಹೇಳಿಕೊಟ್ಟದ್ದು ತಲೆ ತಗ್ಗಿಸಿ ನಡೆ, ಹೊತ್ತು ಮುಳುಗುವ ಮುಂಚೆ ಮನೆ ಸೇರು ಅಂತ. ಬೇಲೂರಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಜನ ಮಾತ್ರ ಕನ್ನಡಿ ಹಿಡಿದವಳ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಈ ಲೆಕ್ಕ ತಪ್ಪಿಸಿದವಳು ಚಿತ್ರದುರ್ಗದ ಓಬವ್ವ. ದುರ್ಗ ಹೈದರಾಲಿಯ ವಶವಾದದ್ದು 1779ರಲ್ಲಿ. ಇವಳ ಕತೆ ಅದಕ್ಕೂ ಮುಂಚಿನ ಮುತ್ತಿಗೆಯದು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ನೀರು ತರಲು ಹೋದವಳಿಗೆ ಕಿಂಡಿಯಲ್ಲಿ ಸೈನಿಕರು ನುಸುಳುವುದು ಕಂಡಿತು. 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿ ಮಾಡಿದ ಪಾತ್ರದಿಂದ ಇದು ಎಲ್ಲರಿಗೂ ಗೊತ್ತು. ಆದರೆ ಅವಳ ಆವೇಶವನ್ನು ಹೊಗಳುವಷ್ಟು ಅವಳ ಬುದ್ಧಿಯನ್ನು ನಾವು ಹೊಗಳುವುದಿಲ್ಲ. ಕಿಂಡಿಯಲ್ಲಿ ಒಮ್ಮೆಗೆ ಒಬ್ಬನೇ ತೂರಬಹುದು, ಅದೂ ಬಗ್ಗಿಕೊಂಡು. ಅವಳು ನಿಂತದ್ದು ಅಲ್ಲೇ. ಹಿಂದೆ ಬರುವವನಿಗೆ ಗುಮಾನಿ ಬರದಂತೆ ಹೆಣ ಪಕ್ಕಕ್ಕೆ ಎಳೆದಳು. ಕೈಯಲ್ಲಿದ್ದದ್ದು ದಿನಾ ಭತ್ತ ಕುಟ್ಟುವ ಒನಕೆ. ಜಾಗ ನೋಡಿಕೊಳ್ಳುವುದು, ಕೈಗೆ ಸಿಕ್ಕಿದ್ದನ್ನು ಬಳಸುವುದು; ಈಗಿನ ತರಬೇತಿಯಲ್ಲೂ ಹೇಳಿಕೊಡುವುದು ಇದನ್ನೇ.

ಸರ್ಕಾರಿ ಹಾಸ್ಟೆಲ್, ವಸತಿ ಶಾಲೆಯ ಹುಡುಗಿಯರಿಗೆ ಕೊಡುವ ತರಬೇತಿಗೆ ‘ಓಬವ್ವ ಆತ್ಮರಕ್ಷಣಾ ಕಲೆ’ ಅಂತ ಹೆಸರಿಟ್ಟದ್ದು ಸರಿಯಾಗಿಯೇ ಇದೆ. ಸಮಗ್ರ ಶಿಕ್ಷಣದಡಿ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಲಕ್ಷ್ಮೀಬಾಯಿ ಹೆಸರಿನ ಮೂರು ತಿಂಗಳ ತರಬೇತಿಯೂ ಇದೆ. ಹಿಡಿದ ಕೈ ಬಿಡಿಸಿಕೊಳ್ಳುವುದು, ಮೊಣಕೈ ಬೀಸುವುದು, ಜೋರಾಗಿ ಕೂಗಿ ಓಡುವುದು ಮೂರು ತಿಂಗಳಲ್ಲಿ ಬರುತ್ತದೆ. ಆಮೇಲೆ ಅಭ್ಯಾಸ ಇಲ್ಲದಿದ್ದರೆ ಮರೆತೂ ಹೋಗುತ್ತದೆ.

ಓಬವ್ವನಿಗೆ ಶತ್ರು ಯಾರು ಅಂತ ಗೊತ್ತಿತ್ತು. ನಮ್ಮ ಹುಡುಗಿಯರ ಕಷ್ಟ ಬೇರೆ. ದೇಶದ ಅಪರಾಧ ದಾಖಲೆ ನೋಡಿದರೆ, ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಯದವನೇ: ನೆಂಟ, ನೆರೆಯವ, ಸ್ನೇಹಿತ. ಅಂಥವನ ಮುಂದೆ ಮೊಣಕೈ ಏಳಬೇಕಾದರೆ, ‘ಮಾವ ಅಲ್ವಾ, ಸುಮ್ನಿರು’ ಅನ್ನುವ ಮನೆ ಮೊದಲು ಬದಲಾಗಬೇಕು.

ಇನ್ನೊಂದು ಹೆದರಿಕೆ, ತಿರುಗಿ ಹೊಡೆದರೆ ನಮ್ಮ ಮೇಲೇ ಕೇಸಾಗುತ್ತದೆ ಅನ್ನುವುದು. ಪ್ರಾಣ, ಮಾನ ಕಾಪಾಡಿಕೊಳ್ಳಲು ಎದುರಿಸುವ ಹಕ್ಕನ್ನು ಹಳೇ ಐಪಿಸಿಯೂ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 34ರಿಂದ 44ನೇ ಕಲಮುಗಳಲ್ಲಿದೆ. ಬೇಕಾದಷ್ಟಕ್ಕಿಂತ ಹೆಚ್ಚು ಏಟು ಕೊಡಬಾರದು, ಅಷ್ಟೇ. ತುರ್ತಿಗೆ 112, ಮಕ್ಕಳಿಗೆ 1098, ಹೆಂಗಸರಿಗೆ 181. ಪೆಣ್ಬುಯ್ಯಲ್ ಕೇಳಿಸಿಕೊಳ್ಳಲು ಈಗಿರುವ ನಂಬರುಗಳು ಇವು.