ಮನೆಯಲ್ಲೇ ಬೀಡಿ ಕಟ್ಟುವವರ ಹಕ್ಕು ಮತ್ತು ಕಾರ್ಮಿಕ ಕಾನೂನಿನ ವೃತ್ತಿ

ಸೊಲ್ಲಾಪುರದ ಬೀಡಿ ಉದ್ಯಮದಲ್ಲಿ ದುಡಿಯುವವರು ಬಹುಪಾಲು ಮಹಿಳೆಯರು. ಎಲೆ, ತಂಬಾಕು ತಂದು ಮನೆಯಲ್ಲೇ ಬೀಡಿ ಕಟ್ಟಿ ಒಪ್ಪಿಸುವ ಇವರು ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರು ಹೌದೋ ಅಲ್ಲವೋ ಎಂಬುದು ಬಹುಕಾಲ ವಿವಾದದ ವಿಷಯವಾಗಿತ್ತು.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಅವರನ್ನು ಕಾರ್ಮಿಕರೆಂದೇ ಪರಿಗಣಿಸಿತು. ಕಚ್ಚಾ ಮಾಲಿನ ವಿತರಣೆ, ತಿರಸ್ಕೃತ ಬೀಡಿಯ ಕೂಲಿ ಕುರಿತ ವಿವಾದಗಳ ಇತ್ಯರ್ಥಕ್ಕೂ ಅದರಲ್ಲಿ ಅವಕಾಶವಿತ್ತು. ಮಾಲೀಕರು ಕಾಯ್ದೆಯನ್ನು ಪ್ರಶ್ನಿಸಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಅದನ್ನು ಎತ್ತಿಹಿಡಿಯಿತು.

1919ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಯಲ್ಲಿ ದುಡಿಯುವವರಿಗೆ ಸಮಾನ ರಕ್ಷಣೆ ನೀಡುವ 177ನೇ ಒಡಂಬಡಿಕೆಯನ್ನು ಅಂಗೀಕರಿಸಿದ್ದು 1996ರಲ್ಲಿ. ಭಾರತ ಅದನ್ನು ಸ್ಥಿರೀಕರಿಸಿಲ್ಲ. ಆದ್ದರಿಂದ ನಮ್ಮ ಕಾರ್ಮಿಕರಿಗೆ ದೇಶದ ಕಾನೂನೇ ಆಧಾರ. 2020ರಲ್ಲಿ ಸಂಸತ್ತು ಹಳೆಯ ಬೀಡಿ ಕಾಯ್ದೆಯನ್ನೂ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯನ್ನೂ ಹೊಸ ಸಂಹಿತೆಗಳಲ್ಲಿ ಅಳವಡಿಸಿತು.

ಸಂಧಾನಾಧಿಕಾರಿ ತೀರ್ಪು ನೀಡುವವನಲ್ಲ, ಉಭಯ ಪಕ್ಷಗಳನ್ನು ಒಪ್ಪಂದಕ್ಕೆ ತರುವವನು. ಆ ಒಪ್ಪಂದ ಕಾನೂನುಬದ್ಧವಾಗಿ ಬಂಧಿಸುತ್ತದೆ. ಒಪ್ಪಂದಪತ್ರದ ಭಾಷೆ ಅರಿಯದೆ ಹೆಬ್ಬೆಟ್ಟು ಒತ್ತಿದವಳಿಗೆ ಹಕ್ಕು ಇದ್ದೂ ಇಲ್ಲದಂತೆ. ಕನ್ನಡ, ಮರಾಠಿ, ತೆಲುಗು ಮೂರನ್ನೂ ಬಲ್ಲ ವಕೀಲರ ಅಗತ್ಯ ಸೊಲ್ಲಾಪುರದಲ್ಲಿರುವುದು ಇದಕ್ಕಾಗಿಯೇ.

ತಡವಳ, ಅಕ್ಕಲಕೋಟೆ ಭಾಗದ ಕನ್ನಡ ವಿದ್ಯಾರ್ಥಿಗಳಿಗೆ ಈ ಹಾದಿ ತೆರೆದಿದೆ. ಹನ್ನೆರಡನೆಯ ತರಗತಿಯ ನಂತರ ಐದು ವರ್ಷ ಅಥವಾ ಪದವಿಯ ನಂತರ ಮೂರು ವರ್ಷ ಕಾನೂನು ವ್ಯಾಸಂಗ ಮಾಡಬೇಕು. ಬಳಿಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಗಡಿನಾಡಿನ ಬಹುಭಾಷಾ ಬದುಕು ಈ ವೃತ್ತಿಗೆ ಕೊರತೆಯಲ್ಲ, ಬಂಡವಾಳ.