ಮಂಕಾದ ದೀಪ, ಮರೆಯಾದ ಚಿತ್ರ

ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ, ವಿದ್ಯುತ್ತು ಇನ್ನೂ ಗೃಹಪ್ರವೇಶ ಮಾಡದಿದ್ದಾಗ, ಸಿರಿವಂತರ ಕೊಠಡಿಗಳನ್ನು ಬೆಳಗುತ್ತಿದ್ದುದು ಕೊಳವೆಗಳಲ್ಲಿ ಹರಿದುಬರುತ್ತಿದ್ದ ಅನಿಲ. ಮನೆಯ ಒಂದೆಡೆ ಹೊಸದಾಗಿ ದೀಪ ಹೊತ್ತಿಸಿದರೆ ಕೊಳವೆಯೊಳಗಿನ ಒತ್ತಡ ತಗ್ಗಿ, ಮತ್ತೊಂದೆಡೆ ಉರಿಯುತ್ತಿದ್ದ ಜ್ವಾಲೆ ಕುಗ್ಗುವುದು. ಈ ನಿತ್ಯಪರಿಚಿತ ಸಂಗತಿಯನ್ನೇ ಭಯದ ಬೀಜವನ್ನಾಗಿ ಮಾಡಿಕೊಂಡು ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ಆಂಗ್ಲ ಲೇಖಕನು ‘ಗ್ಯಾಸ್ ಲೈಟ್’ ನಾಟಕವನ್ನು ರಚಿಸಿದನು. 1938ರ ಡಿಸೆಂಬರಿನಲ್ಲಿ ರಿಚ್‌ಮಂಡಿನಲ್ಲಿ ಮೊದಲು ರಂಗವೇರಿದ ಅದು, ಮೂರು ವರ್ಷಗಳ ತರುವಾಯ ನ್ಯೂಯಾರ್ಕಿನಲ್ಲಿ ‘ಏಂಜಲ್ ಸ್ಟ್ರೀಟ್’ ಎಂಬ ಹೆಸರಿನಿಂದ 1295 ಪ್ರಯೋಗಗಳನ್ನು ಕಂಡಿತು.

ಕೊಲೆಯಾದವಳೊಬ್ಬಳ ರತ್ನಗಳಿಗಾಗಿ ರಾತ್ರಿಯ ಹೊತ್ತು ಮನೆಯ ಮೇಲಂತಸ್ತಿನಲ್ಲಿ ಗುಟ್ಟಾಗಿ ತಡಕಾಡುವ ಗಂಡ, ಅಲ್ಲಿ ಅವನು ದೀಪ ಹಚ್ಚಿದೊಡನೆ ಕೆಳಗೆ ತನ್ನ ಕೋಣೆಯ ಬೆಳಕು ಮಂಕಾಗುವುದನ್ನು ಕಾಣುವ ಹೆಂಡತಿ, ಅದೆಲ್ಲ ನಿನ್ನ ಚಿತ್ತಭ್ರಮೆಯೆಂದು ಅವಳನ್ನು ನಂಬಿಸಹೊರಡುವ ಅವನ ಸಾವಧಾನದ ಕ್ರೌರ್ಯ: ಕಥೆಯ ಸಾರ ಇಷ್ಟೆ. ಇಲ್ಲಿ ಅಬಲೆಗೆ ಒದಗಿದ ವಿಪತ್ತು ಕತ್ತಿಯಿಂದಲ್ಲ, ಮಾತಿನಿಂದ ಬಂದುದು. ಕಣ್ಣಾರೆ ಕಂಡುದನ್ನೂ ನಂಬಲಾರದ ಸ್ಥಿತಿಗೆ ಅವಳನ್ನು ತಂದೊಡ್ಡುವುದರಲ್ಲಿಯೇ ಅದರ ಘೋರತೆಯಿದೆ.

1940ರಲ್ಲಿ ಥೊರೊಲ್ಡ್ ಡಿಕಿನ್ಸನ್ನನು ಇಂಗ್ಲೆಂಡಿನಲ್ಲಿ ಇದನ್ನು ಚಲಚ್ಚಿತ್ರವಾಗಿಸಿದನು. ಆಂಟನ್ ವಾಲ್‌ಬ್ರೂಕನ ಹಿಮಶೀತಲ ಸೌಜನ್ಯವೂ ಡಯಾನಾ ವಿನ್ಯಾರ್ಡಳ ಕಂಪಿಸುವ ದೃಷ್ಟಿಯೂ ಒಂದೂವರೆ ಗಂಟೆಗೂ ಕಿರಿದಾದ ಆ ಚಿತ್ರಕ್ಕೆ ಅಪೂರ್ವ ಬಿಗಿಯನ್ನು ತಂದುವು. ಅನಂತರ ಅಮೆರಿಕದ ಎಂ.ಜಿ.ಎಂ. ಸಂಸ್ಥೆಯು ಕಥೆಯ ಹಕ್ಕನ್ನು ಪಡೆದು, 1944ರಲ್ಲಿ ಜಾರ್ಜ್ ಕ್ಯೂಕರನ ನಿರ್ದೇಶನದಲ್ಲಿ ಇಂಗ್ರಿಡ್ ಬರ್ಗ್‌ಮನ್, ಚಾರ್ಲ್ಸ್ ಬಾಯರ್ ಇವರೊಡನೆ 114 ನಿಮಿಷಗಳ ವೈಭವದ ಚಿತ್ರವನ್ನು ನಿರ್ಮಿಸಿತು. ಬರ್ಗ್‌ಮನ್ನಳಿಗೆ ಶ್ರೇಷ್ಠ ನಟಿಯ ಆಸ್ಕರ್ ದೊರೆಯಿತು. ಉದ್ಧಟ ದಾಸಿಯ ಪಾತ್ರದಲ್ಲಿ ಆಂಜೆಲಾ ಲ್ಯಾನ್ಸ್‌ಬರಿ ಎಂಬ ಹದಿಹರೆಯದ ಹುಡುಗಿ ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡಳು.

ಆದರೆ ತನ್ನ ಕೃತಿಗೆ ಪ್ರತಿಸ್ಪರ್ಧಿ ಇರಬಾರದೆಂದು ಆ ಸಂಸ್ಥೆಯು ಡಿಕಿನ್ಸನ್ನನ ಚಿತ್ರದ ಪ್ರತಿಗಳನ್ನೂ ನೆಗೆಟಿವನ್ನೂ ನಾಶಪಡಿಸಲು ಯತ್ನಿಸಿತು. ಅಂದಿನ ಚಿತ್ರಗಳನ್ನು ಮುದ್ರಿಸುತ್ತಿದ್ದ ನೈಟ್ರೇಟ್ ಸುರುಳಿಯೋ, ಬೆಂಕಿಗೆ ಸುಲಭವಾಗಿ ತುತ್ತಾಗುವ, ಕಾಲಕ್ರಮದಲ್ಲಿ ತಾನೇ ಜೀರ್ಣವಾಗುವ ವಸ್ತು. ಮನುಷ್ಯನ ದ್ವೇಷವೂ ಕಾಲದ ಸವೆತವೂ ಕೈಜೋಡಿಸಿದರೆ ಒಂದು ಕಲಾಕೃತಿ ಅಳಿಯಲು ಎಷ್ಟು ಹೊತ್ತು ಬೇಕು? ಆದರೂ ಕೆಲವು ಪ್ರತಿಗಳು ಉಳಿದುವು. ಬಹುಕಾಲ ಅದು ಕೆಲವೇ ರಸಿಕರ ಸ್ಮೃತಿಯಲ್ಲಿ ಬಾಳಿದ ಚಿತ್ರವಾಗಿದ್ದಿತು.

ಈ ಅನ್ಯಾಯವನ್ನು ಸರಿಪಡಿಸಿದುದು ಗೃಹವೀಕ್ಷಣೆಗಾಗಿ ಹೊರಬಂದ ಮುದ್ರಿಕೆ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಿವಿಡಿಯಲ್ಲಿ, ಅಳಿಸಲೆತ್ನಿಸಿದ ಚಿತ್ರವೂ ಅದನ್ನು ಅಳಿಸಲೆಳಸಿದವರ ಚಿತ್ರವೂ ಒಂದೇ ತಟ್ಟೆಯ ಎರಡು ಮುಖಗಳಲ್ಲಿ ನೆಲೆಗೊಂಡುವು. 2013ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಂಸ್ಥೆಯು ಡಿಕಿನ್ಸನ್ನನ ಕೃತಿಯನ್ನು ಪುನರುದ್ಧರಿಸಿ ಬ್ಲೂ-ರೇಯಲ್ಲಿ ಹೊರತಂದಿತು. ಇಂದು ಸಾಮಾನ್ಯ ಪ್ರೇಕ್ಷಕನು ಒಂದೇ ಸಂಜೆ ಎರಡನ್ನೂ ನೋಡಿ, ಒಂದರ ಸಂಯಮವನ್ನೂ ಇನ್ನೊಂದರ ಸಮೃದ್ಧಿಯನ್ನೂ ತೂಗಬಲ್ಲನು. ಹಳೆಯ ಚಿತ್ರಗಳ ಇಂಥ ಪ್ರಕಟಣೆಯನ್ನು ಕೇವಲ ವಿನೋದದ ವ್ಯಾಪಾರವೆಂದು ಎಣಿಸುವುದು ಸಲ್ಲದು. ಹಕ್ಕುಪತ್ರವನ್ನು ಕೊಂಡವನಿಗೆ ಕೃತಿಯ ಲಾಭ ಸಲ್ಲಬಹುದು, ಅದರ ಅಸ್ತಿತ್ವವನ್ನು ಅಳಿಸುವ ಅಧಿಕಾರ ಸಲ್ಲದು. ಕಂಡುದನ್ನು ತಾನೇ ಕಂಡು ನಿರ್ಣಯಿಸುವ ಸ್ವಾತಂತ್ರ್ಯ, ಆ ಕಥೆಯ ಗೃಹಿಣಿಗೆ ಹೇಗೋ ಹಾಗೆ, ಪ್ರೇಕ್ಷಕನಿಗೂ ಸಲ್ಲಬೇಕಾದುದು.